ದುರ್ಬಲ ಮೌಲ್ಯ: ಅದರ ಅರ್ಥವೂ ಅಳತೆಯೂ

1988ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಎಂಬ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಬಂಧವು ಅಚ್ಚಾಯಿತು. ಯಾಕಿರ್ ಅಹರೊನೊವ್, ಡೇವಿಡ್ ಆಲ್ಬರ್ಟ್, ಲೆವ್ ವೈಡ್‌ಮನ್ ಎಂಬ ಮೂವರು ಅದರ ಕರ್ತೃಗಳು. ಗಿರಕಿ ಅರ್ಧವಾಗಿರುವ ಕಣದ ಗಿರಕಿಯನ್ನು ಒಂದು ದಿಕ್ಕಿನಲ್ಲಿ ಅಳೆದಾಗ ಫಲವು 100 ಆಗಿಬರುವುದು ಹೇಗೆ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಭೌತವಿಜ್ಞಾನದ ಪ್ರಥಮ ಪರಿಚಯವಷ್ಟೇ ಉಳ್ಳ ವಿದ್ಯಾರ್ಥಿಯೂ ಇದನ್ನು ಓದಿ ಹುಬ್ಬೇರಿಸದೆ ಇರಲಾರನು. ಏಕೆಂದರೆ ಅಂಥ ಕಣದ ಗಿರಕಿಯನ್ನು ಯಾವ ದಿಕ್ಕಿನಲ್ಲಿ ಅಳೆದರೂ ದೊರೆಯಬಹುದಾದ ಫಲಗಳು ಎರಡೇ: ಧನ ಅರ್ಧ ಇಲ್ಲವೆ ಋಣ ಅರ್ಧ. 1922ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಎಂಬುವರು ಬೆಳ್ಳಿಯ ಪರಮಾಣುಗಳ ಧಾರೆಯನ್ನು ವಿಷಮವಾದ ಕಾಂತಕ್ಷೇತ್ರದಲ್ಲಿ ಹಾಯಿಸಿದಾಗ ಅದು ಎರಡು ಕವಲಾಗಿ ಒಡೆದುದನ್ನು ಕಂಡರು. ಅಂದಿನಿಂದ ಈ ದ್ವಿಮುಖತೆಯು ಕ್ವಾಂಟಂ ವಿಜ್ಞಾನದ ಮೊದಲ ಪಾಠಗಳಲ್ಲಿ ಒಂದಾಗಿದೆ. ಹೀಗಿರಲು ಅರ್ಧದ ಸ್ಥಾನದಲ್ಲಿ ನೂರು ಬಂದಿತೆಂದರೆ ಅದು ತಪ್ಪೆಣಿಕೆಯೋ, ಮಾತಿನ ಚಮತ್ಕಾರವೋ, ಅಥವಾ ಪ್ರಕೃತಿಯಲ್ಲಿ ಇದುವರೆಗೆ ಕಾಣದಿದ್ದ ಸಂಗತಿಯೋ?

ಇತಿಹಾಸದ ಅಧ್ಯಾಪಕರಾದ ನಾವು ಈ ಕ್ಷೇತ್ರದಲ್ಲಿ ಕಾಲಿಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಭೌತವಿಜ್ಞಾನದ ಗಣಿತದಲ್ಲಿ ನಮಗೆ ಅಧಿಕಾರವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಈ ವಿವಾದದ ತಿರುಳಿನಲ್ಲಿರುವ ಪ್ರಶ್ನೆಯು ಇತಿಹಾಸಕಾರನಿಗೆ ಅಪರಿಚಿತವಾದುದಲ್ಲ. ಐಹೊಳೆಯ ಶಾಸನವು ಕ್ರಿ. ಶ. 634ರಲ್ಲಿ ಪುಲಕೇಶಿಯ ವೈಭವವನ್ನು ಹೊಗಳುತ್ತದೆ. 642ರಲ್ಲಿ ಪಲ್ಲವರು ವಾತಾಪಿಯನ್ನು ಹಿಡಿಯುತ್ತಾರೆ. ನಡುವಣ ಎಂಟು ವರ್ಷಗಳನ್ನು ಕುರಿತು ಬರೆಯುವವನು ಮೊದಲಿನ ದಾಖಲೆಯನ್ನೂ ಕೊನೆಯ ಘಟನೆಯನ್ನೂ ಒಟ್ಟಿಗೆ ಕಣ್ಣಮುಂದೆ ಇಟ್ಟುಕೊಂಡೇ ಬರೆಯುತ್ತಾನೆ. ಎರಡು ತುದಿಗಳಲ್ಲಿ ಮಾತ್ರ ಖಚಿತವಾಗಿ ತಿಳಿದಿರುವ ವಸ್ತುವಿನ ಮಧ್ಯಕಾಲವನ್ನು ಕುರಿತು ಏನು ಹೇಳಬಹುದು, ಏನು ಹೇಳಬಾರದು? ದುರ್ಬಲ ಮೌಲ್ಯವೆಂಬ ಪರಿಕಲ್ಪನೆಯು ಹುಟ್ಟಿದುದು ಇದೇ ಪ್ರಶ್ನೆಯಿಂದ.

ಹೆಸರಿನ ವಿಷಯದಲ್ಲಿ ಒಂದು ಮಾತು. ‘ವೀಕ್ ವ್ಯಾಲ್ಯೂ’ ಎಂಬುದನ್ನು ನಾವು ದುರ್ಬಲ ಮೌಲ್ಯವೆಂದು ಕರೆದಿದ್ದೇವೆ. ಇಲ್ಲಿ ದುರ್ಬಲವಾದುದು ಮೌಲ್ಯವಲ್ಲ, ಅಳತೆ. ನೂರು ಎಂಬ ಮೌಲ್ಯವನ್ನು ದುರ್ಬಲವೆಂದು ಯಾರು ತಾನೇ ಹೇಳಿಯಾರು? ಈ ಭೇದವನ್ನು ಮರೆತವರು ಮುಂದಿನ ವಿವೇಚನೆಯಲ್ಲಿ ದಾರಿ ತಪ್ಪುವರು.

ಅಳತೆ ಎಂದರೇನೆಂಬುದನ್ನು ಕ್ವಾಂಟಂ ವಿಜ್ಞಾನದ ಚೌಕಟ್ಟಿನಲ್ಲಿ ಕ್ರಮವಾಗಿ ನಿರೂಪಿಸಿದವರು ಫಾನ್ ನಾಯ್‌ಮನ್. 1932ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಅಳೆಯಬೇಕಾದ ವಸ್ತುವನ್ನು ಒಂದು ಸೂಚಕದೊಡನೆ ಸ್ವಲ್ಪ ಹೊತ್ತು ತೊಡಕಿಸಲಾಗುತ್ತದೆ. ವಸ್ತುವಿನ ಮೌಲ್ಯಕ್ಕೆ ಅನುಗುಣವಾಗಿ ಸೂಚಕವು ಸರಿಯುತ್ತದೆ. ಸರಿದುದನ್ನು ಓದಿ ಮೌಲ್ಯವನ್ನು ತಿಳಿಯಲಾಗುತ್ತದೆ. ಆದರೆ ಸೂಚಕವೂ ಕ್ವಾಂಟಂ ನಿಯಮಗಳಿಗೆ ಒಳಪಟ್ಟುದೇ. ಅದರ ಮೊದಲಿನ ಸ್ಥಾನದಲ್ಲಿಯೇ ಒಂದಿಷ್ಟು ಅನಿಶ್ಚಿತತೆ ಇದ್ದೇ ಇರುವುದು. ಸರಿತವು ಈ ಅನಿಶ್ಚಿತತೆಗಿಂತ ಬಹಳ ದೊಡ್ಡದಾಗಿದ್ದರೆ ಒಂದೇ ಓದಿನಿಂದ ಮೌಲ್ಯವು ಸ್ಪಷ್ಟವಾಗುವುದು. ಆದರೆ ವಸ್ತುವಿನ ಮೊದಲಿನ ಸ್ಥಿತಿಯು ಕೆಟ್ಟುಹೋಗುವುದು. ಇದು ಪ್ರಬಲ ಅಳತೆ. ಸರಿತವು ಅನಿಶ್ಚಿತತೆಗಿಂತ ಬಹಳ ಚಿಕ್ಕದಾಗಿದ್ದರೆ ಒಂದು ಓದಿನಿಂದ ಏನೂ ತಿಳಿಯದು. ಆದರೆ ವಸ್ತುವೂ ಹೆಚ್ಚುಕಡಮೆ ಇದ್ದಂತೆಯೇ ಉಳಿಯುವುದು. ಇದು ದುರ್ಬಲ ಅಳತೆ. ನಡುಗುವ ಕೈಯಲ್ಲಿ ತಕ್ಕಡಿಯನ್ನು ಹಿಡಿದ ಅಕ್ಕಸಾಲಿಗನು ಒಂದು ಸಲ ತೂಗಿ ಗುಂಜಿಯ ಲೆಕ್ಕ ಹೇಳಲಾರನು. ಆದರೆ ಅದೇ ಬಗೆಯ ಮಣಿಗಳನ್ನು ಹತ್ತು ಸಾವಿರ ಸಲ ತೂಗಿ ಸರಾಸರಿ ತೆಗೆದರೆ ನಡುಕವು ತನ್ನಷ್ಟಕ್ಕೆ ಕಳೆದುಹೋಗಿ ತೂಕವು ಹೊರಬೀಳುವುದು. ದುರ್ಬಲ ಅಳತೆಯ ಫಲವೂ ಇಂಥ ಸರಾಸರಿಯೇ.

ಇಷ್ಟರಲ್ಲಿ ವಿಚಿತ್ರವೇನೂ ಇಲ್ಲ. ವಿಚಿತ್ರವು ಬರುವುದು ಎರಡನೆಯ ತುದಿಯನ್ನೂ ಹಿಡಿದಾಗ. ಈ ದಾರಿಯನ್ನು ತೆರೆದುದು 1964ರ ಒಂದು ಪ್ರಬಂಧ. ಅಹರೊನೊವ್ ಅವರೂ, ಹಿಂದೆ ಐನ್‌ಸ್ಟೈನರ ಸಹಾಯಕರಾಗಿದ್ದ ಪೀಟರ್ ಬರ್ಗ್‌ಮನ್ನರೂ, ಜೋಯೆಲ್ ಲೆಬೊವಿಟ್ಸರೂ ಸೇರಿ ಅದನ್ನು ಬರೆದರು. ಸಾಮಾನ್ಯವಾಗಿ ಕ್ವಾಂಟಂ ವಿಜ್ಞಾನವು ಮೊದಲಿನ ಸ್ಥಿತಿಯಿಂದ ಮುಂದಿನ ಫಲಗಳ ಸಂಭವನೀಯತೆಯನ್ನು ಎಣಿಸುವುದು. ಮೊದಲಿನ ಸ್ಥಿತಿ, ಕೊನೆಯ ಸ್ಥಿತಿ ಎರಡೂ ಗೊತ್ತಿರುವ ಕಣಗಳನ್ನು ಮಾತ್ರ ಆರಿಸಿಕೊಂಡರೆ, ನಡುವೆ ಮಾಡಿದ ಅಳತೆಯ ಫಲಗಳನ್ನು ಎರಡು ಕಡೆಯಿಂದಲೂ ಎಣಿಸಬಹುದೆಂದೂ, ಹಾಗೆ ಎಣಿಸಿದಾಗ ಸೂತ್ರವು ಹಿಂದು ಮುಂದು ಎರಡಕ್ಕೂ ಸಮವಾಗಿರುವುದೆಂದೂ ಅವರು ತೋರಿಸಿದರು. ಮೊದಲ ಆರಿಸುವಿಕೆಯನ್ನು ಪೂರ್ವ ಆಯ್ಕೆಯೆಂದೂ ಕೊನೆಯದನ್ನು ಉತ್ತರ ಆಯ್ಕೆಯೆಂದೂ ಕರೆಯೋಣ. 1988ರ ಮೂವರು ಮಾಡಿದುದು, ಈ ಎರಡು ಆಯ್ಕೆಗಳ ನಡುವೆ ಪ್ರಬಲ ಅಳತೆಯ ಬದಲು ದುರ್ಬಲ ಅಳತೆಯನ್ನು ಇಟ್ಟು, ಸೂಚಕವು ಸರಾಸರಿಯಲ್ಲಿ ಎಷ್ಟು ಸರಿಯುವುದೆಂದು ಕೇಳಿದುದು. ಉತ್ತರವಾಗಿ ಬಂದುದು ಒಂದು ಭಾಗಲಬ್ಧ. ಅದರ ಛೇದದಲ್ಲಿರುವುದು ಮೊದಲಿನ ಸ್ಥಿತಿಗೂ ಕೊನೆಯ ಸ್ಥಿತಿಗೂ ಇರುವ ಹೊಂದಿಕೆ. ಅಂಶದಲ್ಲಿರುವುದು ಅಳೆಯಲ್ಪಡುವ ರಾಶಿಯನ್ನು ನಡುವೆ ಇಟ್ಟು ಲೆಕ್ಕ ಮಾಡಿದ ಅದೇ ಹೊಂದಿಕೆ. ಎರಡು ಸ್ಥಿತಿಗಳು ಒಂದಕ್ಕೊಂದು ಹೆಚ್ಚುಕಡಮೆ ಲಂಬವಾಗಿದ್ದರೆ ಛೇದವು ಸೊನ್ನೆಯ ಹತ್ತಿರ ಬರುವುದು, ಭಾಗಲಬ್ಧವು ಎಷ್ಟು ದೊಡ್ಡದಾದರೂ ಆಗಬಹುದು. ಇದೇ ದುರ್ಬಲ ಮೌಲ್ಯ.

ಸೂತ್ರದಿಂದ ತೃಪ್ತಿಯಾಗದವರಿಗಾಗಿ ಒಂದು ಪ್ರಯೋಗವನ್ನು ಅಂಕಿಗಳೊಡನೆ ವಿವರಿಸುವೆವು. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಪೋಲರಾಯ್ಡ್ ಹಾಳೆಗಳನ್ನು ನೋಡದವರಿಲ್ಲ. ಬೆಳಕಿನ ಒಂದು ಧಾರೆಯನ್ನು ಮೊದಲನೆಯ ಪೋಲರಾಯ್ಡಿನಲ್ಲಿ ಹಾಯಿಸಿ ಅದರ ಕಂಪನವು ನೆಲಕ್ಕೆ 45 ಡಿಗ್ರಿಯಲ್ಲಿ ಇರುವಂತೆ ಮಾಡಿದೆವೆನ್ನೋಣ. ಇದು ಪೂರ್ವ ಆಯ್ಕೆ. ಅನಂತರ ಧಾರೆಯು ತೆಳುವಾದ ಒಂದು ಸ್ಫಟಿಕದ ಫಲಕವನ್ನು ಹಾಯುವುದು. ಅಡ್ಡವಾಗಿ ಕಂಪಿಸುವ ಬೆಳಕನ್ನು ಅದು 1 ಮೈಕ್ರಾನ್ ಬಲಕ್ಕೂ, ನೆಟ್ಟಗೆ ಕಂಪಿಸುವುದನ್ನು 1 ಮೈಕ್ರಾನ್ ಎಡಕ್ಕೂ ಸರಿಸುವುದು. ಅಡ್ಡ ಕಂಪನಕ್ಕೆ ಧನ 1, ನೆಟ್ಟನೆಯದಕ್ಕೆ ಋಣ 1 ಎಂದು ಬೆಲೆ ಕಟ್ಟಿದರೆ, ಧಾರೆಯ ಸ್ಥಾನವೇ ಸೂಚಕವಾಯಿತು. ಧಾರೆಯ ಅಗಲ 1000 ಮೈಕ್ರಾನ್. ಆದುದರಿಂದ ಅಳತೆಯು ದುರ್ಬಲವೆಂಬುದರಲ್ಲಿ ಸಂದೇಹವಿಲ್ಲ. ಕೊನೆಯಲ್ಲಿ ಎರಡನೆಯ ಪೋಲರಾಯ್ಡನ್ನು ಮೊದಲನೆಯದಕ್ಕೆ ಲಂಬವಾಗಿ ನಿಲ್ಲಿಸಿ, ಅಲ್ಲಿಂದ 0.57 ಡಿಗ್ರಿಯಷ್ಟು ಮಾತ್ರ ತಿರುಗಿಸಬೇಕು. ಇದು ಉತ್ತರ ಆಯ್ಕೆ. ಸರಿಯಾಗಿ ಲಂಬವಾಗಿದ್ದರೆ ಬೆಳಕು ಪೂರ್ತಿ ನಿಂತುಹೋಗುತ್ತಿತ್ತು. ಈಗ ಹತ್ತು ಸಾವಿರ ಫೋಟಾನುಗಳಲ್ಲಿ ಸುಮಾರು ಒಂದು ಮಾತ್ರ ದಾಟಿಬರುವುದು. ದಾಟಿಬಂದ ಬೆಳಕಿನ ಮಧ್ಯಬಿಂದು ಎಲ್ಲಿದೆಯೆಂದು ನೋಡಿದರೆ, ಅದು 1 ಮೈಕ್ರಾನ್ ಅಲ್ಲ, 100 ಮೈಕ್ರಾನ್ ಸರಿದಿರುವುದು. ಧನ 1, ಋಣ 1 ಎಂಬ ಎರಡೇ ಬೆಲೆಗಳಿರುವ ರಾಶಿಗೆ 100 ಎಂಬ ಬೆಲೆ ಬಂದಂತಾಯಿತು.

ಇದರಲ್ಲಿ ಇತಿಹಾಸಕಾರನ ಸಂಶಯವು ಮೊದಲು ಆಯ್ಕೆಯ ಮೇಲೆ ಬೀಳುವುದು ಸಹಜ. ಹತ್ತು ಸಾವಿರದಲ್ಲಿ ಒಂದನ್ನು ಆರಿಸಿಕೊಂಡು ಉಳಿದವನ್ನು ಎಸೆದರೆ ಏನನ್ನು ಬೇಕಾದರೂ ಸಾಧಿಸಬಹುದಲ್ಲವೆ? ಕಲ್ಲಿನ ಮೇಲೆ ಬರೆಯಿಸಿದವರ ಮಾತಷ್ಟೇ ಉಳಿದುಬಂದಿರುವ ಕಾಲದ ಸಮಾಜವನ್ನು ಕುರಿತು ತೀರ್ಮಾನ ಮಾಡುವಾಗ ನಾವು ಪದೇ ಪದೇ ಎಚ್ಚರಿಸಿಕೊಳ್ಳುವುದು ಇದನ್ನೇ. ಆದರೆ ಈ ಆಕ್ಷೇಪಣೆಯು ಅರ್ಧ ದಾರಿ ಮಾತ್ರ ಬರುವುದು. ಒಂದು ತರಗತಿಯ ಅಂಕಗಳು ಸೊನ್ನೆಯಿಂದ ನೂರರ ಒಳಗಿದ್ದರೆ, ಯಾವ ವಿದ್ಯಾರ್ಥಿಗಳನ್ನು ಆರಿಸಿಕೊಂಡರೂ ಸರಾಸರಿಯು ನೂರನ್ನು ಮೀರದು. ಆಯ್ಕೆಯು ಸರಾಸರಿಯನ್ನು ಒಂದು ಅಂಚಿಗೆ ತಳ್ಳಬಲ್ಲುದು, ಅಂಚಿನಿಂದ ಆಚೆಗೆ ದಾಟಿಸಲಾರದು. ಇಲ್ಲಿ ದಾಟಿದೆ. ಹಾಗಾದರೆ ಆಯ್ಕೆಯ ಜೊತೆಗೆ ಬೇರೊಂದು ಕಾರಣವಿರಲೇಬೇಕು.

ಆ ಕಾರಣವು ತರಂಗಗಳ ವ್ಯತಿಕರಣ. ಸ್ಫಟಿಕವನ್ನು ದಾಟಿದ ಮೇಲೆ ಧಾರೆಯಲ್ಲಿ ಎರಡು ಅಲೆಗಳಿವೆ: ಒಂದು ಸ್ವಲ್ಪ ಬಲಕ್ಕೆ ಸರಿದುದು, ಇನ್ನೊಂದು ಸ್ವಲ್ಪ ಎಡಕ್ಕೆ ಸರಿದುದು. ಎರಡನೆಯ ಪೋಲರಾಯ್ಡು ಇವೆರಡನ್ನು ಕೂಡಿಸುವುದು, ಆದರೆ ವಿರುದ್ಧ ಚಿಹ್ನೆಗಳಿಂದ. ಒಂದರ ಪ್ರಮಾಣ 0.714, ಇನ್ನೊಂದರದು ಋಣ 0.700. ಎರಡು ಗುಡ್ಡಗಳು ಆಕಾರದಲ್ಲಿ ಒಂದೇ, ಸ್ಥಾನದಲ್ಲಿ ಕೂದಲೆಳೆಯಷ್ಟು ಭೇದ. ಒಂದರಿಂದ ಒಂದನ್ನು ಕಳೆದರೆ ಬಹುಭಾಗ ಅಳಿಸಿಹೋಗಿ, ಬಲಗಡೆಯ ಇಳಿಜಾರಿನಲ್ಲಿ ಸ್ವಲ್ಪ ಹೆಚ್ಚಾಗಿ, ಎಡಗಡೆಯಲ್ಲಿ ಸ್ವಲ್ಪ ಕಡಮೆಯಾಗಿ ಒಂದು ಶೇಷ ಉಳಿಯುವುದು. ಆ ಶೇಷದ ಮಧ್ಯವೇ ನೂರು ಮೈಕ್ರಾನ್ ದೂರ ಹೋಗಿರುವುದು. ಬೆಳಕೇ ಇಲ್ಲದಿದ್ದ ಕಡೆಗೆ ಬೆಳಕು ನೆಗೆಯಿತೆಂದು ತಿಳಿಯಬಾರದು. 1000 ಮೈಕ್ರಾನ್ ಅಗಲದ ಧಾರೆಯಲ್ಲಿ 100 ಮೈಕ್ರಾನಿನ ಸ್ಥಳದಲ್ಲಿ ಮೊದಲೂ ಬೆಳಕಿತ್ತು. ಸ್ಫಟಿಕವನ್ನು ದಪ್ಪ ಮಾಡಿ ಎರಡು ಅಲೆಗಳು ಒಂದರ ಮೇಲೊಂದು ಬೀಳದಂತೆ ಅಗಲಿಸಿದರೆ ಈ ಚೋದ್ಯವೆಲ್ಲ ಮಾಯವಾಗುವುದು. ಆಗ ಎರಡು ಚುಕ್ಕೆಗಳು ಬೇರೆ ಬೇರೆ ಕಾಣುವುವು. ಎರಡನೆಯ ಪೋಲರಾಯ್ಡನ್ನು ದಾಟುವ ಫೋಟಾನುಗಳು ಹತ್ತು ಸಾವಿರಕ್ಕೆ ಒಂದಲ್ಲ, ಸುಮಾರು ಅರ್ಧದಷ್ಟು. ಒಂದೊಂದೂ ಧನ 1 ಇಲ್ಲವೆ ಋಣ 1 ಎಂದೇ ಸಾಕ್ಷಿ ಹೇಳುವುದು. ಪ್ರಶ್ನೆಯನ್ನು ಒತ್ತಿ ಕೇಳಿದಾಗ ಬಂದ ಉತ್ತರ ಬೇರೆ, ಮೆಲ್ಲನೆ ಕೇಳಿದಾಗ ಬಂದ ಉತ್ತರ ಬೇರೆ.

1988ರ ಪ್ರಬಂಧಕ್ಕೆ ಪ್ರತಿಕ್ರಿಯೆ ಬರುವುದು ತಡವಾಗಲಿಲ್ಲ. 1989ರಲ್ಲಿ ಆಂಟನಿ ಲೆಗೆಟ್ ಮತ್ತು ಆಶರ್ ಪೆರೆಸ್ ಬೇರೆ ಬೇರೆಯಾಗಿ ಅದೇ ಪತ್ರಿಕೆಯಲ್ಲಿ ಆಕ್ಷೇಪಣೆ ಎತ್ತಿದರು. ಇಂಥ ಕ್ರಿಯೆಯನ್ನು ಅಳತೆಯೆಂದೂ ಅದರ ಫಲವನ್ನು ಗಿರಕಿಯ ಮೌಲ್ಯವೆಂದೂ ಕರೆಯುವುದು ಸರಿಯೆ ಎಂಬುದು ವಿವಾದದ ಕೇಂದ್ರ. ಅದೇ ವರ್ಷ ಡಕ್, ಸ್ಟೀವನ್‌ಸನ್ ಮತ್ತು ಸುದರ್ಶನ್ ಎಂಬ ಮೂವರು ಮಧ್ಯಸ್ಥರ ಧೋರಣೆಯಲ್ಲಿ ಒಂದು ಲೇಖನ ಬರೆದರು. ಈ ಸುದರ್ಶನರು ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನಗಳ ಕೇಂದ್ರವನ್ನು ಕಟ್ಟಿದ ಇ. ಸಿ. ಜಿ. ಸುದರ್ಶನರೇ. ಮೂಲ ಪ್ರಬಂಧದಲ್ಲಿ ಹಲವು ದೋಷಗಳಿವೆ, ಆದರೆ ಮುಖ್ಯ ಮಾತು ನಿಲ್ಲುತ್ತದೆ ಎಂಬುದು ಅವರ ನಿರ್ಣಯ. ಅಂದಾಜುಗಳನ್ನು ಬಿಟ್ಟು ಪೂರ್ಣ ಲೆಕ್ಕವನ್ನೇ ಮಾಡಿ, ಯಾವ ನಿಬಂಧನೆಗಳಲ್ಲಿ ಪರಿಣಾಮವು ಕಾಣುವುದೆಂದು ಅವರು ತೋರಿಸಿದರು. ಪರಮಾಣುಗಳ ಬದಲು ಬೆಳಕಿನಿಂದಲೇ ಇದನ್ನು ಮಾಡಿ ನೋಡಬಹುದೆಂದೂ ಸೂಚಿಸಿದರು. ವಿವಾದವೊಂದರಲ್ಲಿ ದೋಷಗಳನ್ನು ಎತ್ತಿ ತೋರಿಸಿಯೂ ತಿರುಳನ್ನು ಉಳಿಸಿಕೊಡುವ ಈ ಬಗೆಯ ವಿಮರ್ಶೆಯು ನಮ್ಮ ಶಾಸ್ತ್ರದಲ್ಲಿಯೂ ಇನ್ನಷ್ಟು ಬರಬೇಕಾಗಿದೆ. 1991ರಲ್ಲಿ ರಿಚಿ, ಸ್ಟೋರಿ, ಹ್ಯುಲೆಟ್ ಎಂಬುವರು ಲೇಸರ್ ಬೆಳಕನ್ನೂ ಕ್ವಾರ್ಟ್ಸ್ ಫಲಕವನ್ನೂ ಬಳಸಿ, ಮೇಲೆ ನಾವು ವಿವರಿಸಿದ ಮಾದರಿಯಲ್ಲಿಯೇ ಪ್ರಯೋಗ ನಡೆಸಿ ಪರಿಣಾಮವನ್ನು ಕಂಡರು. ಲೇಸರ್ ಧಾರೆಯ ಈ ವರ್ತನೆಯನ್ನು ಹಳೆಯ ತರಂಗ ಸಿದ್ಧಾಂತದಿಂದಲೂ ವಿವರಿಸಬಹುದೆಂಬ ಆಕ್ಷೇಪಣೆಗೆ ಉತ್ತರವಾಗಿ, 2005ರಲ್ಲಿ ಆಸ್ಟ್ರೇಲಿಯದ ಪ್ರೈಡ್ ಮೊದಲಾದವರು ಒಂದು ಫೋಟಾನನ್ನು ಇನ್ನೊಂದು ಫೋಟಾನಿನಿಂದಲೇ ದುರ್ಬಲವಾಗಿ ಅಳೆದರು. ಅಲ್ಲಿಯೂ ಎಲ್ಲೆ ಮೀರಿದ ಮೌಲ್ಯಗಳು ದೊರೆತುವು.

ಒಂದು ಮೈಕ್ರಾನ್ ನೂರಾಗುವುದಾದರೆ ಇದು ಸೂಕ್ಷ್ಮದರ್ಶಕದಂಥ ಉಪಕರಣವೇ ಆಯಿತಲ್ಲ ಎಂಬ ಯೋಚನೆ ಯಾರಿಗಾದರೂ ಬರುವುದು. ಬಂದೂ ಬಂದಿತು. 2008ರಲ್ಲಿ ಹೋಸ್ಟೆನ್ ಮತ್ತು ಕ್ವಿಯಾಟ್, ಬೆಳಕು ಗಾಜಿನ ಮೇಲ್ಮೈಯಲ್ಲಿ ಬಾಗುವಾಗ ಅದರ ಎರಡು ಬಗೆಯ ವರ್ತುಲ ಧ್ರುವೀಕರಣಗಳು ಅತ್ಯಲ್ಪವಾಗಿ ಅಗಲುವುದನ್ನು ಈ ವಿಧಾನದಿಂದ ಸುಮಾರು ಹತ್ತು ಸಾವಿರ ಪಾಲು ಹಿಗ್ಗಿಸಿ ಅಳೆದರು; ಅವರ ಅಳತೆಯ ಸೂಕ್ಷ್ಮತೆ ಒಂದು ಆಂಗ್‌ಸ್ಟ್ರಾಮಿನ ಮಟ್ಟಕ್ಕೆ ಇಳಿದಿತ್ತು. ಮರುವರ್ಷ ರಾಚೆಸ್ಟರಿನ ಡಿಕ್ಸನ್ ಮತ್ತು ಸಂಗಡಿಗರು ಕನ್ನಡಿಯೊಂದರ ತಿರುವಿನಿಂದ ಧಾರೆಯು ಓರೆಯಾದುದನ್ನು 400 ಫೆಮ್ಟೊರೇಡಿಯನ್ ಮಟ್ಟದವರೆಗೆ ಗುರುತಿಸಿದರು. ಇಷ್ಟು ಓರೆಯಾದ ಕಿರಣವು ಚಂದ್ರನನ್ನು ಮುಟ್ಟುವ ಹೊತ್ತಿಗೆ ತನ್ನ ಗುರಿಯಿಂದ 0.15 ಮಿಲಿಮೀಟರಿನಷ್ಟು ತಪ್ಪಿರುವುದು.

ಆದರೆ ಇಲ್ಲಿ ಒಂದು ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬೇಕು. ನಮ್ಮ ಉದಾಹರಣೆಯಲ್ಲಿ ಹತ್ತು ಸಾವಿರ ಫೋಟಾನುಗಳಿವೆ. ಎಲ್ಲವನ್ನೂ ಅಡ್ಡ ಕಂಪನದಲ್ಲಿಯೇ ಕಳುಹಿಸಿ, ಯಾವ ಉತ್ತರ ಆಯ್ಕೆಯನ್ನೂ ಮಾಡದೆ ಸರಾಸರಿ ತೆಗೆದರೆ, ಸರಿತ 1 ಮೈಕ್ರಾನ್. ಸರಾಸರಿಯ ಅನಿಶ್ಚಿತತೆಯು 1000ವನ್ನು ಹತ್ತು ಸಾವಿರದ ವರ್ಗಮೂಲವಾದ 100ರಿಂದ ಭಾಗಿಸಿದಷ್ಟು, ಎಂದರೆ 10 ಮೈಕ್ರಾನ್. ಉತ್ತರ ಆಯ್ಕೆ ಮಾಡಿದರೆ ಸರಿತ 100 ಮೈಕ್ರಾನ್. ಆದರೆ ಕೈಗೆ ಬರುವ ಫೋಟಾನು ಒಂದೇ, ಅನಿಶ್ಚಿತತೆ 1000 ಮೈಕ್ರಾನ್. ಎರಡರಲ್ಲಿಯೂ ಸರಿತವು ಅನಿಶ್ಚಿತತೆಯ ಹತ್ತನೆಯ ಒಂದು ಪಾಲು. ಹಿಗ್ಗಿದುದರಿಂದ ಬಂದ ಲಾಭವನ್ನು ಕುಗ್ಗಿದ ಸಂಖ್ಯೆಯು ಸರಿಯಾಗಿ ನುಂಗಿಹಾಕಿತು. 2014ರ ಸುಮಾರಿನಲ್ಲಿ ಫೆರಿ ಮತ್ತು ಕೂಮ್ಸ್ ಮೊದಲಾದ ವಿಮರ್ಶಕರು ಒತ್ತಿ ಹೇಳಿದುದು ಇದನ್ನೇ: ತತ್ತ್ವತಃ ಈ ವಿಧಾನದಿಂದ ಜ್ಞಾನವು ಹೆಚ್ಚುವುದಿಲ್ಲ. ಪ್ರಯೋಗ ಮಾಡುವವರ ಉತ್ತರವೂ ನ್ಯಾಯವಾದುದೇ. ಪ್ರಯೋಗಶಾಲೆಯ ತೊಂದರೆಗಳೆಲ್ಲ ಫೋಟಾನುಗಳ ಎಣಿಕೆಯಿಂದ ಬರುವುವಲ್ಲ; ಬೆಳಕು ಹೆಚ್ಚಾದರೆ ತಣಿದು ಕುರುಡಾಗುವ ಗ್ರಾಹಕ, ಸೂಕ್ಷ್ಮ ಸ್ಥಾನಭೇದವನ್ನು ಗುರುತಿಸಲಾರದ ಉಪಕರಣ, ಇಂಥ ಕಡೆ ಸ್ವಲ್ಪ ಬೆಳಕಿನಲ್ಲಿ ದೊಡ್ಡ ಸರಿತವನ್ನು ನೋಡುವುದು ಅನುಕೂಲ. ಎರಡು ಮಾತುಗಳೂ ನಿಜ. ಕೇಳಿದ ಪ್ರಶ್ನೆಗಳು ಬೇರೆ.

ಇನ್ನು ಅರ್ಥದ ವಿಷಯ. ದುರ್ಬಲ ಮೌಲ್ಯವು ನಡುಗಾಲದಲ್ಲಿ ಕಣಕ್ಕೆ ನಿಜವಾಗಿ ಇದ್ದ ಗುಣವೆ? ಇದ್ದಿತೆಂದು ಹೇಳುವವರ ಪಕ್ಷದಲ್ಲಿ ವೈಡ್‌ಮನ್ ಮುಖ್ಯರು. ಈ ಪಕ್ಷದ ಬಲವನ್ನೂ ತೊಡಕನ್ನೂ ಒಟ್ಟಿಗೆ ತೋರಿಸುವುದು, ಅಹರೊನೊವ್ ಮತ್ತು ವೈಡ್‌ಮನ್ 1991ರಲ್ಲಿ ಚರ್ಚಿಸಿದ ಮೂರು ಪೆಟ್ಟಿಗೆಗಳ ಸಮಸ್ಯೆ. ಒಂದೇ ಕಣವು ಮೂರು ಪೆಟ್ಟಿಗೆಗಳಲ್ಲಿ ಸಮನಾಗಿ ಹರಡಿದ ಸ್ಥಿತಿಯಲ್ಲಿ ಹೊರಡುವುದು. ಕೊನೆಯಲ್ಲಿ ಮೂರನೆಯ ಪೆಟ್ಟಿಗೆಯ ಚಿಹ್ನೆ ಮಾತ್ರ ತಿರುಗಿದ ಸ್ಥಿತಿಯಲ್ಲಿ ಸಿಕ್ಕುವುದು. ಒಂಬತ್ತರಲ್ಲಿ ಒಂದು ಸಲ ಹೀಗಾಗುವುದು. ಹಾಗೆ ಸಿಕ್ಕವುಗಳಿಗೆ ಮಾತ್ರ, ಕಣವು ಆಯಾ ಪೆಟ್ಟಿಗೆಯಲ್ಲಿದೆ ಎಂಬುದರ ದುರ್ಬಲ ಮೌಲ್ಯವನ್ನು ಎಣಿಸಿದರೆ ಮೊದಲನೆಯದರಲ್ಲಿ 1, ಎರಡನೆಯದರಲ್ಲಿ 1, ಮೂರನೆಯದರಲ್ಲಿ ಋಣ 1. ಕೂಡಿದರೆ ಒಟ್ಟು 1, ಲೆಕ್ಕ ತಾಳೆಯಾಯಿತು. ಆದರೆ ಒಂದು ಪೆಟ್ಟಿಗೆಯಲ್ಲಿ ಋಣ ಒಂದು ಕಣವಿತ್ತೆಂದರೆ ಏನು ಅರ್ಥ? ರೆಶ್, ಲಂಡೀನ್, ಸ್ಟೈನ್‌ಬರ್ಗ್ ಎಂಬುವರು 2004ರಲ್ಲಿ ಫೋಟಾನುಗಳಿಂದ ಇದನ್ನು ಮಾಡಿ ನೋಡಿದರು. ಮೂರನೆಯ ದಾರಿಗೆ ಸಂಬಂಧಿಸಿದ ಸೂಚಕವು ನಿಜವಾಗಿಯೂ ವಿರುದ್ಧ ದಿಕ್ಕಿಗೆ ಸರಿಯಿತು.

ನಮಗೆ ತೋರುವುದು ಹೀಗೆ. ಎರಡು ದಾಖಲೆಗಳ ನಡುವೆ ಇರುವ ಇಂಥ ಕಣಗಳ ಸಮೂಹವು, ತನ್ನನ್ನು ಮೆಲ್ಲನೆ ಮುಟ್ಟಿದ ಬೇರೊಂದು ವಸ್ತುವಿನ ಮೇಲೆ ಎಷ್ಟು ಪರಿಣಾಮವನ್ನು ಮಾಡುವುದು ಎಂಬ ಪ್ರಶ್ನೆಗೆ ದುರ್ಬಲ ಮೌಲ್ಯವು ಸತ್ಯವಾದ ಉತ್ತರ. ಋಣ ಒಂದು ಎಂದರೆ ಸೂಚಕವು ಹಿಂದಕ್ಕೆ ಸರಿಯುವುದೆಂದು ಅರ್ಥ. ಅದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಆದರೆ ಈ ಒಂದು ಕಣದ ಬಳಿ ಆ ಹೊತ್ತಿನಲ್ಲಿ ಎಷ್ಟಿತ್ತು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಒಂದು ಕಣದ ಓದಿನಿಂದ ನೂರೂ ಗೊತ್ತಾಗದು, ಒಂದೂ ಗೊತ್ತಾಗದು. ಹಿಂದಿನದರ ಮೇಲೆ ಮುಂದಿನದರ ಪ್ರಭಾವವನ್ನು ಇಲ್ಲಿ ಒಪ್ಪಲೇಬೇಕಾದ ಅಗತ್ಯವೂ ಇಲ್ಲ. ಎಲ್ಲ ಫೋಟಾನುಗಳ ದಾಖಲೆಯನ್ನು ಒಟ್ಟಿಗೆ ನೋಡಿದರೆ ಎಲ್ಲೆ ಮೀರಿದುದೇನೂ ಅದರಲ್ಲಿ ಇರುವುದಿಲ್ಲ; ಬೇರ್ಪಡಿಸಿದ ಮೇಲೆಯೇ ಅದು ತಲೆದೋರುವುದು.

ಈ ಭೇದವನ್ನು ಮರೆತರೆ ಆಗುವ ಅನರ್ಥಕ್ಕೆ 2011ರ ಒಂದು ಪ್ರಯೋಗದ ಪ್ರಚಾರವು ನಿದರ್ಶನ. ಟೊರಾಂಟೊದಲ್ಲಿ ಸ್ಟೈನ್‌ಬರ್ಗರ ತಂಡವು ಎರಡು ಸೀಳುಗಳನ್ನು ಹಾಯುವ ಫೋಟಾನುಗಳ ವೇಗದ ದಿಕ್ಕನ್ನು ದುರ್ಬಲವಾಗಿ ಅಳೆದು, ಸರಾಸರಿ ಪಥಗಳ ಸೊಗಸಾದ ಚಿತ್ರವನ್ನು ಬಿಡಿಸಿತು. ಡೇವಿಡ್ ಬೋಮ್ 1952ರಲ್ಲಿ ಕಲ್ಪಿಸಿದ್ದ ಪಥಗಳನ್ನು ಅದು ಹೋಲುತ್ತಿತ್ತು. ಅಹರೊನೊವ್ ಈ ಬೋಮ್ ಅವರ ಶಿಷ್ಯರೆಂಬುದನ್ನೂ ಇಲ್ಲಿ ನೆನೆಯಬಹುದು. ಪ್ರಯೋಗಕಾರರು ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ‘ಸರಾಸರಿ’ ಎಂಬ ಪದವನ್ನು ಇಟ್ಟಿದ್ದರು. ಹೊರಗಿನ ಪ್ರಚಾರದಲ್ಲಿ ಆ ಪದವು ಬಿದ್ದುಹೋಗಿ, ಫೋಟಾನು ಹೋದ ದಾರಿಯೇ ಕಂಡಿತೆಂಬ ಭಾವನೆ ಹಬ್ಬಿತು. ಒಂದು ಜಾತ್ರೆಗೆ ಹೋದ ಸಾವಿರಾರು ಯಾತ್ರಿಕರು ಪ್ರತಿಯೊಂದು ಮೈಲಿಗಲ್ಲಿನ ಬಳಿ ಸರಾಸರಿಯಲ್ಲಿ ಯಾವ ಕಡೆಗೆ ಮುಖಮಾಡಿ ನಡೆಯುತ್ತಿದ್ದರೆಂದು ಎಣಿಸಿ, ಆ ಗೆರೆಗಳನ್ನು ಜೋಡಿಸಿ ಒಂದು ದಾರಿಯನ್ನು ಬರೆಯಬಹುದು. ಆ ದಾರಿಯಲ್ಲಿ ಒಬ್ಬ ಯಾತ್ರಿಕನೂ ನಡೆದಿರಬೇಕಾದುದಿಲ್ಲ.

ಹಾಗೆಂದು ದುರ್ಬಲ ಮೌಲ್ಯವನ್ನು ಬರಿಯ ಸಂಖ್ಯಾಶಾಸ್ತ್ರದ ಕೈಚಳಕವೆಂದು ತಳ್ಳಿಹಾಕುವುದೂ ನಡೆಯದು. 2014ರಲ್ಲಿ ಫೆರಿ ಮತ್ತು ಕೂಮ್ಸ್, ಒಂದು ನಾಣ್ಯವನ್ನು ಒಮ್ಮೆ ಚಿಮ್ಮಿದಾಗ ನೂರು ತಲೆಗಳು ಬೀಳುವುದು ಹೇಗೆ ಎಂಬ ಕೊಂಕಿನ ಶೀರ್ಷಿಕೆಯಿಂದ, ಸಾಧಾರಣ ನಾಣ್ಯದಲ್ಲಿಯೂ ಇದನ್ನು ತೋರಿಸಬಹುದೆಂದು ವಾದಿಸಿದರು. ಅವರ ನಾಣ್ಯವನ್ನು ನೋಡುವವನು ನೋಡಿದ ಫಲಕ್ಕೆ ತಕ್ಕಂತೆ ಅದನ್ನು ಆಗಾಗ ಮಗುಚಿಯೂ ಬಿಡುತ್ತಾನೆಂಬುದನ್ನು ಪ್ರತಿವಾದಿಗಳು ಎತ್ತಿ ತೋರಿಸಿದರು. ಅದೇ ವರ್ಷ ಮ್ಯಾಥ್ಯೂ ಪ್ಯೂಸಿ, ಅಳತೆಯಿಂದಾಗುವ ಕ್ಷೋಭೆಯು ಕ್ವಾಂಟಂ ಪ್ರಯೋಗದಲ್ಲಿರುವಷ್ಟೇ ಅಲ್ಪವಾಗಿದ್ದರೆ, ಎಲ್ಲೆ ಮೀರಿದ ದುರ್ಬಲ ಮೌಲ್ಯಗಳನ್ನು ಸಂದರ್ಭಾತೀತವಾದ ಯಾವ ಗುಪ್ತಗುಣಗಳಿಂದಲೂ ವಿವರಿಸಲಾಗದೆಂದು ಗಣಿತದಿಂದ ಸಾಧಿಸಿದರು.

ಒಂದು ವಿಷಯ ಉಳಿಯಿತು. ದುರ್ಬಲ ಮೌಲ್ಯವು ಸಾಮಾನ್ಯವಾಗಿ ಸಂಕೀರ್ಣ ಸಂಖ್ಯೆ. ಅದಕ್ಕೆ ವಾಸ್ತವ ಭಾಗವಲ್ಲದೆ ಕಾಲ್ಪನಿಕ ಭಾಗವೂ ಉಂಟು. ವಾಸ್ತವ ಭಾಗವು ಸೂಚಕದ ಸ್ಥಾನವನ್ನು ಸರಿಸಿದರೆ ಕಾಲ್ಪನಿಕ ಭಾಗವು ಅದರ ಸಂವೇಗದಲ್ಲಿ ಕಾಣಿಸಿಕೊಳ್ಳುವುದು. ಅಳೆಯುವ ರಾಶಿಯು ‘ಈ ಸ್ಥಿತಿಯಲ್ಲಿ ಇದೆಯೋ ಇಲ್ಲವೋ’ ಎಂಬ ಬಗೆಯದಾದರೆ, ಈ ಸಂಕೀರ್ಣ ಸಂಖ್ಯೆಯ ಕೋನವು ಮೊದಲಿನ, ನಡುವಣ, ಕೊನೆಯ ಎಂಬ ಮೂರು ಸ್ಥಿತಿಗಳು ಗೋಲವೊಂದರ ಮೇಲೆ ರಚಿಸುವ ತ್ರಿಕೋನದ ವಿಸ್ತೀರ್ಣವನ್ನು ಅವಲಂಬಿಸಿರುವುದು. ಧ್ರುವಿತ ಬೆಳಕಿನ ವ್ಯತಿಕರಣದಲ್ಲಿ ಈ ಕೋನವನ್ನು ಮೊದಲು ಗುರುತಿಸಿದುದು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ, 1956ರಲ್ಲಿ. ಸ್ಫಟಿಕಗಳಲ್ಲಿ ಬೆಳಕಿನ ವರ್ತನೆಯನ್ನು ಅಭ್ಯಸಿಸುತ್ತಿದ್ದ ಎಸ್. ಪಂಚರತ್ನಂ ಎಂಬ ತರುಣರು ಅದನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ಪ್ರಕಟಿಸಿದರು. ಮೂವತ್ತು ವರ್ಷ ಅದನ್ನು ಗಮನಿಸಿದವರು ವಿರಳ. 1986ರಲ್ಲಿ ರಾಮಶೇಷನ್ ಮತ್ತು ನಿತ್ಯಾನಂದ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದರ ಕಡೆಗೆ ಲೋಕದ ದೃಷ್ಟಿಯನ್ನು ಸೆಳೆದರು. ಪಂಚರತ್ನಂ ಅವರು 1969ರಲ್ಲಿಯೇ ತೀರಿಕೊಂಡಿದ್ದರು.